ಟೀವಿಯ ಮುಂದೆ ಕರ್ಪೂರ

ರಿಮೋಟಿನ ಸೆಲ್ ಮುಗಿದಿತ್ತು. ಹೊಸದು ಎಲ್ಲಾದರೂ ಬಿದ್ದಿರಬಹುದೆಂದು ಟೀವಿ ಸ್ಟ್ಯಾಂಡಿನ ಡ್ರಾಯರ್ ಎಳೆದೆ. ಸೆಲ್ ಸಿಗಲಿಲ್ಲ, ಕರ್ಪೂರದ ವಾಸನೆ ಬಂತು. ಟೀವಿಯ ಹತ್ತಿರ ಕರ್ಪೂರಕ್ಕೇನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಇತ್ತು. ಅದನ್ನು ಹೇಳಬೇಕಾದರೆ ಚಿಕ್ಕಪ್ಪನಿಂದ ಶುರು ಮಾಡಬೇಕು. ಚಿಕ್ಕಪ್ಪನ ವಿಷಯ ಹೇಳಬೇಕಾದರೆ ನನ್ನ ಡಿಗ್ರಿಯಿಂದ.

ನಮ್ಮ ಕಡೆಯವರಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕೇಳದವರಿಗೂ ಇದನ್ನು ಹೇಳುವುದು ನನ್ನ ಚಟ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಟ್ಟಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವನು ಚಿಕ್ಕಪ್ಪ. ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಬಸ್ಸು ತಪ್ಪಿದ ದಿನ, ಮೊಪೆಡ್ಡಿನಲ್ಲಿ ಟೊಮೆಟೊ ಕ್ರೇಟುಗಳ ಜೊತೆ ನನ್ನನ್ನೂ ಹೇರಿಕೊಂಡು ಕೋಲಾರದ ಕಾಲೇಜಿನ ಗೇಟಿಗೆ ತಂದು ಇಳಿಸುತ್ತಿದ್ದ. "ಇದೊಂದು ಮಾಲು ಮಂಡಿಗಲ್ಲ ಕಣಪ್ಪಾ, ಒಳಕ್ಕೆ ಬಿಡು" ಎಂದು ವಾಚ್‌ಮನ್‌ಗೆ ಹೇಳಿ ಹೋಗುತ್ತಿದ್ದ. ನಾನು ನಾಚಿಕೊಂಡು ಜಡೆ ಸರಿಮಾಡಿಕೊಳ್ಳುತ್ತಿದ್ದೆ. ಜಡೆಯಲ್ಲಿ ಟೊಮೆಟೊ ಎಲೆ ಸಿಕ್ಕಿಕೊಂಡಿರುತ್ತಿತ್ತು.

ಚಿಕ್ಕಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಊರಿನ ಪೌರಾಣಿಕ ನಾಟಕಗಳ ಮಾತು, ಪದ್ಯ ಎಲ್ಲವೂ ಬಾಯಲ್ಲಿದ್ದವು, ಕನ್ನಡದವೂ ತೆಲುಗಿನವೂ. ಅವನದು ಯಾವಾಗಲೂ ರಾಜನ ವೇಷ, ಅದರಲ್ಲೂ ಕೊನೆಯಲ್ಲಿ ಸಾಯುವ ರಾಜ. ನಮ್ಮೂರಿನ ನಾಟಕದಲ್ಲಿ ಒಂದು ಕಟ್ಟಳೆಯಿದೆ. ರಂಗದ ಮೇಲೆ ಸತ್ತವನನ್ನು ಎಬ್ಬಿಸದೆ ಪರದೆ ಎಳೆಯುವಂತಿಲ್ಲ. ರಾಜ ಬಿದ್ದ ತಕ್ಷಣ ಹಾರ್ಮೋನಿಯಂ ಮೇಷ್ಟ್ರು ಕಥೆ ನಿಲ್ಲಿಸಿ, "ಲೆಯ್ ರಾಜಾ, ಲೆಯ್" ಎಂದು ತೆಲುಗಿನಲ್ಲಿ ಹಾಡುತ್ತಾರೆ: ಏಳು ರಾಜ, ಏಳು. ಒಬ್ಬರು ಕರ್ಪೂರ ಹಚ್ಚಿ ಮುಖಕ್ಕೆ ಬೆಳಗುತ್ತಾರೆ. ಬಿದ್ದವನು ಎದ್ದು, ಜನಕ್ಕೆ ಕೈಮುಗಿದು, ಮತ್ತೆ ಮನುಷ್ಯನಾಗಿ ಮನೆಗೆ ಹೋಗುತ್ತಾನೆ. ಇಲ್ಲದಿದ್ದರೆ ವೇಷದ ಸಾವು ವೇಷ ಹಾಕಿದವನ ಬೆನ್ನು ಹತ್ತುತ್ತದಂತೆ. ಇದೆಲ್ಲ ಸುಳ್ಳೆಂದು ಡಿಗ್ರಿ ಓದಿದ ನಾನು ಚಿಕ್ಕಪ್ಪನಿಗೆ ಎಷ್ಟೋ ಸಲ ಹೇಳಿದ್ದೆ. "ಆಗಲಿ ಬಿಡಮ್ಮಣ್ಣಿ, ಎದ್ದರೆ ನಷ್ಟವೇನು?" ಎನ್ನುತ್ತಿದ್ದ.

ನರಸಾಪುರದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೋಲಾರದಲ್ಲಿ ಮನೆ ಮಾಡಿ, ಟೀವಿ ತಂದೆ. ಕಂಪನಿ ಬಸ್ಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದ ಇಂಗ್ಲಿಷ್ ಧಾರಾವಾಹಿಯೊಂದನ್ನು ನಾನೂ ಹಾಕಿದೆ. ಉಪ್ಪಿನ ಸಮುದ್ರದ ದಂಡೆಯ ಒಂದು ರಾಜ್ಯ. ನಡೆದಾಡುವ ಬಂಡೆಗಳು ಅದರ ಮೇಲೆ ದಂಡೆತ್ತಿ ಬರುತ್ತವೆ. ಒಂದು ಕಾಲು ಕುಂಟುವ ಮುದಿ ರಾಜ, ಅವನಿಗೊಬ್ಬಳು ಮಗಳು. ಮೊದಲೆರಡು ಕಂತು ನೋಡಿದಾಗ ನನಗೂ ತಲೆಬುಡ ತಿಳಿಯಲಿಲ್ಲ. ಬಸ್ಸಿನಲ್ಲಿ ಮಾತ್ರ ತಿಳಿದವಳಂತೆ ತಲೆಯಾಡಿಸಿದೆ.

ಮಂಡಿಗೆ ಟೊಮೆಟೊ ಹಾಕಲು ಬಂದಾಗ, ನನಗೆ ರಜೆಯಿದ್ದರೆ ಮನೆಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು ಹೋಗುತ್ತಿದ್ದ ಚಿಕ್ಕಪ್ಪ, ಒಂದು ದಿನ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಟೀವಿಯ ಮುಂದೆ ಹಾಗೇ ನಿಂತುಬಿಟ್ಟ.

"ಯಾರಮ್ಮಣ್ಣಿ ಆ ಕುಂಟ?"

"ರಾಜ ಚಿಕ್ಕಪ್ಪ."

"ಗೊತ್ತಾಯ್ತು. ಕೂತ್ಕೊಳೋದ್ರಲ್ಲೇ ಗೊತ್ತಾಗ್ತೈತೆ."

ಅಂದಿನಿಂದ ನನಗೆ ಹೊಸ ಉದ್ಯೋಗ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಅಲ್ಲಲ್ಲೇ ಕನ್ನಡದಲ್ಲಿ ಹೇಳಬೇಕು. ಅದಕ್ಕೂ ಅವನ ತಕರಾರು. "ರಾಜ ಹಂಗಾ ಮಾತಾಡೋದು? ನೀನು ಹೇಳಿದ್ರೆ ಪಂಚಾಯ್ತಿ ಗುಮಾಸ್ತ ನೋಟೀಸ್ ಓದ್ದಂಗೈತೆ. ಎದೆಯಿಂದ ತೆಗಿ!" ಇಂಗ್ಲಿಷ್ ಹೆಸರುಗಳು ಅವನ ನಾಲಿಗೆಗೆ ಹತ್ತಲಿಲ್ಲ. ರಾಜನ ಮಗಳು ಕೆಂಪಮ್ಮನಾದಳು. ಕುತಂತ್ರಿ ಮಂತ್ರಿಗೆ ನಮ್ಮೂರಿನ ಗೊಬ್ಬರದ ಅಂಗಡಿಯವನ ಹೆಸರಿಟ್ಟ. ರಾಜ ಮಾತ್ರ "ನಮ್ಮ ದೊರೆ". ಚಿಕ್ಕಮ್ಮ ಜೊತೆಯಲ್ಲಿ ಬಂದಾಗ ಅಡುಗೆಮನೆಯಿಂದಲೇ ರೇಗುತ್ತಿದ್ದಳು: "ಅಲ್ಲಿ ಗಿಡಕ್ಕೆ ಹುಳ ಬಿದ್ದು ಸಾಯ್ತೈತೆ, ಇಲ್ಲಿ ಇವರು ಬಂಡೆ ಓಡಾಡೋದು ನೋಡ್ತವ್ರೆ!"

ಮೊದಲನೇ ಸೀಸನ್ನಿನ ಕೊನೆಯ ಕಂತಿನಲ್ಲಿ ದೊರೆ ಎದೆಗೆ ಈಟಿ ತಗುಲಿ ಬಿದ್ದ. ಪರದೆ ಕಪ್ಪಾಯಿತು, ಹೆಸರುಗಳು ಓಡತೊಡಗಿದವು. ಚಿಕ್ಕಪ್ಪ ಎದ್ದು ನಿಂತ. "ಎಬ್ಬಿಸಲ್ವಾ?" ಇನ್ನು ಮುಂದಿನದು ಬರುವುದು ಎರಡು ವರ್ಷಕ್ಕೆ ಎಂದೆ. ಅವನಿಗೆ ನಿಜವಾಗಿ ಸಿಟ್ಟು ಬಂತು. "ಎರಡು ವರ್ಷ ಆ ಮನುಷ್ಯ ನೆಲದ ಮೇಲೆ ಬಿದ್ದಿರ್ಬೇಕಾ? ಏನು ಜನ ಇವರು?" ದೇವರ ಗೂಡಿನಿಂದ ಕರ್ಪೂರ ತಂದು, ತಟ್ಟೆಯಲ್ಲಿ ಹಚ್ಚಿ, ಟೀವಿಗೆ ಬೆಳಗಿದ. "ಲೆಯ್ ರಾಜಾ" ಎಂದು ಅವನು ತುಂಬು ಕಂಠದಲ್ಲಿ ಎತ್ತಿದಾಗ ಮಹಡಿ ಮನೆಯವರು ಬಾಗಿಲು ತೆಗೆದು ನೋಡಿದರು. ನಾನು ಕಿಟಕಿ ಮುಚ್ಚಿದೆ.

ಎರಡನೇ ಸೀಸನ್ನಿನಲ್ಲಿ ದೊರೆ ಎದ್ದ. ಮೀನುಗಾರರು ಯಾವುದೋ ಗುಹೆಯಲ್ಲಿಟ್ಟು ಬದುಕಿಸಿದ್ದರು. ಚಿಕ್ಕಪ್ಪ ನನ್ನ ಕಡೆ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದ, ಅಷ್ಟೇ. ಅಂದಿನಿಂದ ಕರ್ಪೂರದ ಪೊಟ್ಟಣ ಟೀವಿಯ ಡ್ರಾಯರಿಗೆ ಬಂತು. ಆ ಸೀಸನ್ ಯಾವ ಸಾವೂ ಇಲ್ಲದೆ ಮುಗಿದರೂ, ಇರಲಿ ಎಂದು ಒಂದು ಬಿಲ್ಲೆ ಹಚ್ಚಿದ.

ಮೂರನೆಯದು ಬರುವಷ್ಟರಲ್ಲಿ ಚಿಕ್ಕಪ್ಪನ ಧ್ವನಿ ಒಡೆದಿತ್ತು. ಶೀತ ಎಂದು ಮಾತ್ರೆ ನುಂಗಿದ, ಕಷಾಯ ಕುಡಿದ. ಗಂಟಲಲ್ಲಿ ಗೆಡ್ಡೆಯಾಗಿದೆಯೆಂದು ತಿಳಿದಾಗ ತಡವಾಗಿತ್ತು. ಬೆಂಗಳೂರಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಊರಿನ ಜಮೀನು ಗುತ್ತಿಗೆಗೆ ಕೊಟ್ಟು ಅವನೂ ಚಿಕ್ಕಮ್ಮನೂ ನನ್ನ ಮನೆಗೆ ಬಂದರು. ಹೊಲದ ತುದಿಯಲ್ಲಿ ನಿಂತು ಕೂಗಿದರೆ ಕೆರೆಯಾಚೆ ಕೇಳುತ್ತಿದ್ದವನು, ನೀರು ಬೇಕೆಂದರೆ ಲೋಟಕ್ಕೆ ಉಗುರಿನಿಂದ ತಟ್ಟುತ್ತಿದ್ದ.

ಮೂರನೇ ಸೀಸನ್ನಿನ ಕೊನೆಯಲ್ಲಿ ದೊರೆ ಮತ್ತೆ ಬಿದ್ದ. ಈ ಸಲ ಬಂಡೆಯ ಕೆಳಗೆ. ಚಿಕ್ಕಪ್ಪ ಡ್ರಾಯರಿನಿಂದ ಕರ್ಪೂರ ತೆಗೆದು ಹಚ್ಚಿದ. ತಟ್ಟೆ ಹಿಡಿದು ನಿಂತ. ಬಾಯಿ ತೆರೆದ. ಕುತ್ತಿಗೆಯ ಬಟ್ಟೆ ಒಳಕ್ಕೂ ಹೊರಕ್ಕೂ ಆಡಿತು, ಗಾಳಿ ಬಂತು. ನನ್ನನ್ನು ನೋಡಿ, ನೀನು ಹೇಳು ಎಂದು ಗದ್ದ ಎತ್ತಿದ. ನಾನು ಹಾಡಿದೆ. ಗುಮಾಸ್ತೆಯ ಹಾಗೇ ಹಾಡಿದೆ. ಎದೆಯಿಂದ ತೆಗೆಯುವುದಕ್ಕೆ ಅಲ್ಲಿ ಅಳು ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನದು ಯಾವಾಗ ಎಂದು ಕೈಯಲ್ಲೇ ಕೇಳಿದ. ಎರಡು ಬೆರಳು ತೋರಿಸಿದೆ. ಅವನು ಆ ಬೆರಳುಗಳನ್ನು ನೋಡಿ ತನ್ನ ಅಂಗೈಯನ್ನು ಅತ್ತ ಇತ್ತ ಓಲಾಡಿಸಿದ, ಮಂಡಿಯಲ್ಲಿ ರೇಟು ನಿಲ್ಲುತ್ತೋ ಇಲ್ಲವೋ ಎಂದು ತೋರಿಸುವ ಹಾಗೆ. ಆಮೇಲೆ ನಕ್ಕ. ಆ ನಗುವಿಗೂ ಸದ್ದಿರಲಿಲ್ಲ.

ಅವನಿಗೆ ಬೇಕಾಗಿದ್ದುದು ಅದೊಂದೇ: ದೊರೆ ಏಳುವುದನ್ನು ನೋಡಿ ಹೋಗುವುದು. ನನಗೂ ಅದೇ ಬೇಕಿತ್ತು. ಫ್ಯಾಕ್ಟರಿಯ ಊಟದ ವೇಳೆಯಲ್ಲಿ ಮೊಬೈಲ್ ತೆಗೆದು ಸುದ್ದಿ ಹುಡುಕುತ್ತಿದ್ದೆ. ಶೂಟಿಂಗ್ ಶುರು ಎಂದರು, ನಿಂತಿತು ಎಂದರು. ಕೊನೆಗೆ ಇನ್ನೊಂದು ವರ್ಷ ಮುಂದಕ್ಕೆ ಹಾಕಿದರು. ಅದನ್ನು ಹೇಳಿದಾಗ ಚಿಕ್ಕಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಬೇಸಿಗೆ ಮುಗಿಯುವ ಮುಂಚೆ ಹೋದ.

ಊರಿಗೆ ತಂದು ಜಗುಲಿಯ ಮೇಲೆ ಕೂರಿಸಿದೆವು. ಶ್ರೀನಿವಾಸಪುರದ ಕಡೆಯಿಂದ ಮೇಷ್ಟ್ರು ಹಾರ್ಮೋನಿಯಂ ಹೊತ್ತು ಬಂದರು. ನಾಟಕದವರೆಲ್ಲ ಸುತ್ತ ಕೂತು ಭಜನೆ ಹಾಡಿದರು. ಎತ್ತುವ ಮುಂಚೆ ಯಾರೋ ಕರ್ಪೂರ ಹಚ್ಚಿ ಮುಖಕ್ಕೆ ಬೆಳಗಿದರು. ಮೇಷ್ಟ್ರ ಬೆರಳುಗಳು ಅಭ್ಯಾಸಬಲದಿಂದ ಆ ಹಾಡಿನ ಧಾಟಿಗೆ ಹೋದವು. ಲೆಯ್ ರಾಜಾ. ಬಾಯಿಂದ ಮಾತು ಬರಲಿಲ್ಲ, ಬರೀ ಸ್ವರ. ನಾಟಕದವರೆಲ್ಲ ತಲೆಯೆತ್ತಿ ಚಿಕ್ಕಪ್ಪನ ಮುಖ ನೋಡಿದರು. ನಾನೂ ನೋಡಿದೆ. ಡಿಗ್ರಿ ಓದಿದ ನಾನೂ, ಕಣ್ಣು ಮಿಟುಕಿಸದೆ, ಕಾದೆ.

"ನಿಲ್ಸಪ್ಪಾ ಅದನ್ನ" ಎಂದು ಚಿಕ್ಕಮ್ಮ ಕಿರುಚಿದಳು. "ಏಳಲ್ಲ ಅವನು! ನಿಲ್ಸು!"

ಇದೇ ಭಾನುವಾರ ಕೊನೆಯ ಸೀಸನ್ನಿನ ಕೊನೆಯ ಕಂತು ಬಂತು. ನಾನು ಸೆಲ್ ಹುಡುಕಿದ್ದು ಅದಕ್ಕೇ. ಈಗ ಚಿಕ್ಕಮ್ಮ ನನ್ನ ಜೊತೆಗೇ ಇದ್ದಾಳೆ. ಒಂದು ದಿನವೂ ಟೀವಿಯ ಮುಂದೆ ಕೂರದಿದ್ದವಳು, ಈ ಸೀಸನ್ ಶುರುವಾದಾಗಿನಿಂದ ಸೊಪ್ಪಿನ ಮೊರ ಹಿಡಿದು ಬಂದು ಕೂರುತ್ತಾಳೆ. ನಾನು ಸಾಲುಗಳನ್ನು ಹೇಳುತ್ತೇನೆ. ರಾಜನ ಮಾತು ಈಗ ನನಗೆ ಬರುತ್ತದೆ. ಆದರೆ ಹೇಳಲು ಈ ಸಲ ರಾಜನಿಲ್ಲ.

ರಿಮೋಟಿಗೆ ಗೋಡೆ ಗಡಿಯಾರದ ಸೆಲ್ ತೆಗೆದು ಹಾಕಿದೆ. ಕೆಂಪಮ್ಮ ಬಂಡೆಗಳನ್ನು ಸೋಲಿಸಿದಳು. ಸಮುದ್ರದ ದಂಡೆಯಲ್ಲಿ ಅಪ್ಪನನ್ನು ಮಲಗಿಸಿದ ಗುಂಡಿಯನ್ನು ಒಂದೊಂದೇ ಕಲ್ಲು ಜೋಡಿಸಿ ಮುಚ್ಚಿದಳು. ಹೆಸರುಗಳು ಓಡತೊಡಗಿದವು.

"ನಿಮ್ಮ ಚಿಕ್ಕಪ್ಪನ ದೊರೆ ಏಳಲಿಲ್ವಾ?" ಚಿಕ್ಕಮ್ಮ ಕೇಳಿದಳು.

"ಇಲ್ಲ ಚಿಕ್ಕಮ್ಮ."

"ಇನ್ನೊಂದು ಬರಲ್ವಾ?"

"ಇಲ್ಲ. ಮುಗೀತು."

ಡ್ರಾಯರಿನಿಂದ ಕರ್ಪೂರದ ಪೊಟ್ಟಣ ತೆಗೆದು ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಯಾರೂ ಹಚ್ಚದೆ, ಅಷ್ಟು ದಿನದಲ್ಲಿ ತಾನಾಗಿಯೇ ಆವಿಯಾಗಿ ಹೋಗಿತ್ತು. ಕಾಗದದಲ್ಲಿ ವಾಸನೆ ಮಾತ್ರ ಉಳಿದಿತ್ತು. ದೇವರ ಗೂಡಿನಲ್ಲಿ ಹೊಸದಿದೆ, ಇಬ್ಬರಿಗೂ ಗೊತ್ತು. ಇಬ್ಬರೂ ಏಳಲಿಲ್ಲ.

"ಆಫ್ ಮಾಡಮ್ಮಣ್ಣಿ" ಎಂದಳು ಚಿಕ್ಕಮ್ಮ, ಸೊಪ್ಪಿನ ಕಡ್ಡಿಗಳನ್ನು ಕೂಡಿಸುತ್ತ.

ರಾಜನನ್ನು ಎಬ್ಬಿಸದೆ, ಆಫ್ ಮಾಡಿದೆ.