ವಾಯುಭಾರ ಕುಸಿತವೂ ವಾರಶೂಲವೂ

ಚಂಡಮಾರುತಕ್ಕೆ ಸಿದ್ಧನಾಗುವುದು ಹೇಗೆಂದು ನನಗೆ ಈಗಲೂ ತಿಳಿಯದು. ಮೊನ್ನೆ ಒಂದಕ್ಕೆ ವಾರವಿಡೀ ಸಿದ್ಧನಾದೆ, ಆದರೂ ತಿಳಿಯದು. ಆದೋನಿಯಲ್ಲಿ ಹುಟ್ಟಿ, ಆದೋನಿಯಲ್ಲೇ ಹತ್ತಿ ವ್ಯಾಪಾರ ಮಾಡಿ, ತಲೆಯನ್ನೂ ಹತ್ತಿಯಷ್ಟೇ ಬೆಳ್ಳಗೆ ಮಾಡಿಕೊಂಡವನು ನಾನು. ಸಮುದ್ರ ನೋಡಿದ್ದು ಒಂದೇ ಸಲ. ಮಗಳನ್ನು ಚೀರಾಲಕ್ಕೆ ಮದುವೆ ಮಾಡಿಕೊಟ್ಟ ಮರುದಿನ ಬೀಗಿತ್ತಿಯವರು ಕರೆದುಕೊಂಡು ಹೋಗಿ ತೋರಿಸಿದ್ದರು. ಪಂಚೆ ಎತ್ತಿ ಹಿಡಿದುಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತು, ಏನಾದರೂ ಅನ್ನಬೇಕಲ್ಲ ಎಂದು, "ಭಾಳ ದೊಡ್ಡದೈತಿ" ಅಂದೆ. ಬೀಗಿತ್ತಿಯವರು ಆ ಮಾತನ್ನು ಇಂದಿಗೂ ಮರೆತಿಲ್ಲ, ಫೋನು ಮಾಡಿದಾಗಲೆಲ್ಲ ಅದನ್ನೇ ಎತ್ತಿ ನಗುತ್ತಾರೆ.

ಅಂಥವನ ಫೋನು ಒಂದು ಸೋಮವಾರ ಬೆಳಿಗ್ಗೆ ಮಾರ್ಕೆಟ್ ಯಾರ್ಡಿನಲ್ಲಿ ಕಿಟಾರನೆ ಕಿರುಚಿಕೊಂಡಿತು. ನನ್ನ ಕೈ ಹತ್ತಿಯ ರಾಶಿಯೊಳಗೆ ಮೊಣಕೈವರೆಗೆ ಹೋಗಿತ್ತು, ತೇವ ನೋಡುತ್ತಿದ್ದೆ. ನನ್ನದೊಂದೇ ಅಲ್ಲ, ಯಾರ್ಡಿನಲ್ಲಿದ್ದ ಎಲ್ಲರ ಫೋನೂ ಒಟ್ಟಿಗೆ ಕೂಗಿದವು. ಕನ್ನಡಕ ಏರಿಸಿ ಓದಿದರೆ ತೆಲುಗಿನಲ್ಲಿ ಬಂದ ಸರ್ಕಾರದ ಸೂಚನೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಅದು ಚಂಡಮಾರುತವಾಗಲಿದೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಸುತ್ತಲೂ ನೋಡಿದೆ. ಯಾರಿಗೂ ಇಳಿಯುವ ವಿಚಾರವಿದ್ದಂತೆ ಕಾಣಲಿಲ್ಲ. ನಮ್ಮೂರ ದೊಡ್ಡ ನೀರೆಂದರೆ ರಾಂಜಲ ಕೆರೆ, ಅದಕ್ಕೂ ಯಾರೂ ಇಳಿಯುವುದಿಲ್ಲ. ಸರ್ಕಾರದ ಮಾತನ್ನು ಇಷ್ಟು ಸುಲಭವಾಗಿ ಪಾಲಿಸಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಮನೆಗೆ ಬಂದರೆ ಟಿ.ವಿ.ಯಲ್ಲಿ ಮುಂಜಾಗ್ರತೆ ಹೇಳುತ್ತಿದ್ದರು. ಇದ್ದಬದ್ದ ಪಾತ್ರೆಗೆಲ್ಲ ನೀರು ತುಂಬಿಟ್ಟುಕೊಳ್ಳಿ ಅಂದರು. ನಳದ ನೀರು ಬರುವ ದಿನ ನಾವು ಲೋಟವನ್ನೂ ಬಿಡದೆ ತುಂಬುವವರು. ಮೇಣದಬತ್ತಿ ಇಟ್ಟುಕೊಳ್ಳಿ ಅಂದರು. ಮೇಣದಬತ್ತಿಯಿಲ್ಲದ ಗೂಡು ನಮ್ಮ ಮನೆಯಲ್ಲಿಲ್ಲ. ಒಣ ತಿಂಡಿ ಇರಲಿ ಅಂದರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ನಮ್ಮವರು ಇಲ್ಲೇ ಹತ್ತಿರದ ಉರುಕುಂದದ ಜಾತ್ರೆಗೂ ಹೋಗುವವರಲ್ಲ. ಹಾಗಾದರೆ ಇಷ್ಟು ವರ್ಷ ನಾವು ಸಂಸಾರ ಮಾಡಿದ್ದೋ ಚಂಡಮಾರುತಕ್ಕೆ ಕಾದದ್ದೋ ಎಂಬ ಗೊಂದಲ ಹುಟ್ಟಿತು. ಅದನ್ನು ಹೇಳಿ ನಗಿಸೋಣವೆಂದು ನನ್ನಾಕೆ ನೀಲಮ್ಮನ ಕಡೆ ತಿರುಗಿದರೆ ಆಕೆ ಟಿ.ವಿ.ಯ ನಕ್ಷೆಯ ಮೇಲೆ ಬೆರಳಿಟ್ಟು ನಿಂತಿದ್ದಳು. ಬೆರಳಿನ ಕೆಳಗೆ ಚೀರಾಲ ಇತ್ತು. ನನ್ನ ನಗು ಅಲ್ಲಿಗೇ ನಿಂತಿತು.

ಮಗಳು ಲೀಲಾಗೆ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿತ್ತು. ಕುಬುಸ ಅಲ್ಲೇ ಆಗಿತ್ತು, ಬಾಣಂತನಕ್ಕೆ ಕರೆತರುವುದೊಂದು ಬಾಕಿ. ಅದಕ್ಕೆ ಎರಡೂ ಮನೆಯವರು ಪಂಚಾಂಗ ನೋಡಿ ಆ ವಾರದ ಶನಿವಾರವನ್ನು ತಿಂಗಳ ಹಿಂದೆಯೇ ಗೊತ್ತು ಮಾಡಿದ್ದೆವು. ಈಗ ಟಿ.ವಿ.ಯವನು, ಚಂಡಮಾರುತ ದಡ ಮುಟ್ಟುವುದು ಶನಿವಾರ ಎನ್ನುತ್ತಿದ್ದ. ಅದಕ್ಕೂ ಯಾರೋ ಅದೇ ಮುಹೂರ್ತ ಇಟ್ಟುಕೊಟ್ಟಂತಿತ್ತು.

ನೀಲಮ್ಮ ಕೂಡಲೇ ಬೀಗಿತ್ತಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಬೀಗಿತ್ತಿಯವರದು ಕರಾವಳಿಯ ತೆಲುಗು, ಸಮುದ್ರದ ದಂಡೆಯಲ್ಲೇ ಬೆಳೆದವರು. "ವದಿನಗಾರೂ, ಕಂಗಾರು ಪಡಕಂಡಿ," ಅತ್ತಿಗೆಯವರೇ, ಗಾಬರಿ ಬೇಡ, ನಾಳೆಯೇ ಹುಡುಗಿಯನ್ನು ಕಳಿಸಿಬಿಡುತ್ತೇವೆ, ಎಂದರು. ಅಷ್ಟಕ್ಕೆ ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನೀಲಮ್ಮನ ಬಾಯಿಂದ, "ನಾಳೆ ಮಂಗಳವಾರ ಅಲ್ಲೇನ್ರೀ?" ಎಂಬ ಮಾತು ಬಂತು, ಹಿಂದೆ ನಿಂತಿದ್ದ ನಾನೂ ಗಟ್ಟಿಯಾಗಿ ಹೂಂಗುಟ್ಟಿದೆ. ಮಂಗಳವಾರ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕಳಿಸುವುದೂ ಇಲ್ಲ, ಕರೆತರುವುದೂ ಇಲ್ಲ. ಆ ಕಡೆ ಪಂಚಾಂಗದ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಬೀಗಿತ್ತಿಯವರು ನಿಧಾನಕ್ಕೆ, ಹೌದಲ್ಲ, ಬುಧವಾರ ಅಷ್ಟಮಿ, ಗುರುವಾರ ನವಮಿ, ಅವೂ ಬೇಡ ಬಿಡಿ ಎಂದರು. ಉಳಿದದ್ದು ಶುಕ್ರವಾರ. ಶುಕ್ರವಾರ ಪಡುವಣಕ್ಕೆ ವಾರಶೂಲ.

ವಾರಶೂಲ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದೊಂದು ವಾರ ಒಂದೊಂದು ದಿಕ್ಕಿನಲ್ಲಿ ಶೂಲ ನೆಟ್ಟಿರುತ್ತದಂತೆ, ಆ ಕಡೆ ಪ್ರಯಾಣ ಹೋಗಬಾರದು. ಸೋಮವಾರ, ಶನಿವಾರ ಮೂಡಣಕ್ಕೆ, ಶುಕ್ರವಾರ, ಭಾನುವಾರ ಪಡುವಣಕ್ಕೆ, ಹೀಗೆ ಹಂಚಿಕೆಯಾಗಿದೆ. ಚೀರಾಲ ಮೂಡಣದ ತುದಿ, ಆದೋನಿ ಪಡುವಣದ ಬಿಸಿಲು. ಹಾಗಾಗಿ ಮಗಳು ಶುಕ್ರವಾರ ಹೊರಡುವಂತಿಲ್ಲ. ನಾನು ಇದನ್ನೆಲ್ಲ ನಂಬುವವನೇ ಎಂದು ನೀವು ಕೇಳಬಹುದು. ನನ್ನ ಹತ್ತಿ ಲಾರಿಗಳು ಅಮಾವಾಸ್ಯೆಯ ದಿನ ಬೆಕ್ಕು ಅಡ್ಡ ಬಂದರೂ ಹೊರಡುತ್ತವೆ. ಮಗಳ ವಿಷಯ ಬಂದಾಗ ಮಾತ್ರ ನಂಬುತ್ತೇನೋ ಇಲ್ಲವೋ ನನಗೇ ಗೊತ್ತಾಗುವುದಿಲ್ಲ. ನಂಬದೆ ಇದ್ದು ಏನಾದರೂ ಆದರೆ ಎಂಬ ಹೆದರಿಕೆಗೆ ಏನು ಹೆಸರಿಡಬೇಕೋ ತಿಳಿಯದು.

ಮಂಗಳವಾರದಿಂದ ನಾನು ಮೂರು ಕಡೆಯ ಸುದ್ದಿ ನೋಡತೊಡಗಿದೆ. ಟಿ.ವಿ.ಯಲ್ಲಿ ಅದು ನೆಲ್ಲೂರಿನ ಕಡೆ ಹೋಗುತ್ತಿತ್ತು, ಫೋನಿನಲ್ಲಿ ಮಚಲಿಪಟ್ಟಣದ ಕಡೆ. ಯಾರ್ಡಿನ ಹಮಾಲರ ಲೆಕ್ಕದಲ್ಲಿ ನೇರ ನಮ್ಮ ಪಕ್ಕದ ಪೆದ್ದಕಡುಬೂರಿಗೇ ಬರಲಿತ್ತು. ಸಂಜೆಯ ಹೊತ್ತಿಗೆ ಅದು ಇದ್ದಲ್ಲೇ ನಿಂತು ತಿರುಗುತ್ತಿದೆ ಎಂದರು. ಅದೊಂದು ಮಾತು ನನಗೆ ಚೆನ್ನಾಗಿ ಅರ್ಥವಾಯಿತು, ನಾನೂ ಪಡಸಾಲೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಅಷ್ಟಮಿ ಲೆಕ್ಕಿಸದೆ ಕರೆಸೋಣವೆಂದು ಒಮ್ಮೆ ಅನಿಸುವುದು. ದಾರಿಯಲ್ಲೇ ಮಳೆ ಹಿಡಿದುಕೊಂಡರೆ ಅಂತ ಮರುಗಳಿಗೆ. ಅಲ್ಲಿ ಆಸ್ಪತ್ರೆ ಹತ್ತಿರವಿದೆ, ಇರಲಿ ಬಿಡು ಎಂದುಕೊಂಡರೆ ಸಮುದ್ರವೂ ಅಷ್ಟೇ ಹತ್ತಿರವಿದೆ ಎಂದು ನೆನಪಾಗುವುದು. ನೇರವಾಗಿ ಹೇಳಿಬಿಡುತ್ತೇನೆ, ನನಗೆ ಭಯವಾಗಿತ್ತು. ಇರುವವಳು ಒಬ್ಬಳೇ ಮಗಳು, ಅವಳೊಳಗೆ ಇನ್ನೊಂದು ಜೀವ, ಮತ್ತು ನಾನು 'ಭಾಳ ದೊಡ್ಡದೈತಿ' ಅಂದಿದ್ದ ಆ ನೀರು.

ನೀಲಮ್ಮನ ಭಯ ಕೈಗಿಳಿದಿತ್ತು. ಆಕೆ ತುಳಸಿ ಕುಂಡವನ್ನು ಒಳಗೆ ತಂದಳು, ಮಾಳಿಗೆಯ ಮೇಲಿನ ತಗಡಿಗೆ ಕಲ್ಲು ಹೇರಿಸಿದಳು, ಎರಡು ಡಬ್ಬಿ ತುಂಬ ರೊಟ್ಟಿ ತಟ್ಟಿದಳು. ಹೊರಗೆ ಆಕಾಶ ತೊಳೆದಿಟ್ಟಂತಿತ್ತು, ಎಲೆ ಅಲುಗುತ್ತಿರಲಿಲ್ಲ. ಮಗಳಿಗೆ ಏನೂ ಮಾಡಲಾಗದ ಸಂಕಟಕ್ಕೆ ಮನೆಯನ್ನೇ ಮಗಳೆಂದುಕೊಂಡು ಕಟ್ಟಿಹಾಕುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ಕಲ್ಲು ಎತ್ತಿಕೊಟ್ಟೆ.

ಬುಧವಾರ ಕಳೆಯಿತು. ಗುರುವಾರ ಸಂಜೆ, ನಾಳೆ ರಾತ್ರಿಯಿಂದ ರೈಲು ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ತಡೆಯಲಾರದೆ ಲೀಲಾಗೆ ಫೋನು ಮಾಡಿದೆ.

"ಏನವಾ, ಗಾಳಿ ಹೆಂಗೈತಿ?"

"ಈಗೀಗ ಬೀಸಾಕತ್ತೈತಪ್ಪಾ. ನೀವು ಯಾಕ ನನ್ನ ಕರಿಯವಲ್ರಿ?"

"ನಿಮ್ಮ ಅತ್ತೀನ ಅಷ್ಟಮಿ ನವಮಿ ಅಂತಾರಲ್ಲವಾ. ಹೆಂಗ ಕರೀಬೇಕು?"

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ದನಿ ಬಂತು. "ಅಯ್ಯ! ಅತ್ತೆ ಅವ್ಯಾವೂ ನೋಡಂಗಿಲ್ಲಪ್ಪಾ. ನೀವು ಮಂಗಳವಾರ ಅಂದ್ರಲ್ಲಾ, ಇವರು ಭಾಳ ನ್ಯಾಮದ ಮಂದಿ, ಅಷ್ಟಮಿ ದಿನ ಕಳಿಸಿದ್ರ ಮನಸಿಗೆ ಹಚಿಗೊಂತಾರ ಅಂತ ಸುಮ್ಮನಾಗ್ಯಾರ. ನಿಮ್ಮ ಸಲುವಾಗಿ ಸೋಮವಾರ ಸಂಜೀಕೇ ನನ್ನ ಚೀಲ ಒಯ್ದು ಬಾಜೂ ಮನ್ಯಾಗ ಪ್ರಸ್ಥಾನನೂ ಇಟ್ಟಾರ."

ನಾನು ಗೋಡೆಗೆ ಒರಗಿ ಕೂತೆ. ಪ್ರಸ್ಥಾನವೆಂದರೆ ನಮ್ಮ ಹಿರಿಯರು ಪಂಚಾಂಗದಲ್ಲಿ ಬಿಟ್ಟುಕೊಂಡ ಹಿತ್ತಲ ಬಾಗಿಲು. ಒಳ್ಳೆಯ ದಿನ ಹೊರಡಲಾಗದಿದ್ದರೆ ಆ ದಿನ ನಿಮ್ಮ ಗಂಟನ್ನು ನೆರೆಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಅಷ್ಟಮಿಯಿರಲಿ ಶೂಲವಿರಲಿ, ಅದು ನಡುದಾರಿಯ ಲೆಕ್ಕಕ್ಕೆ ಹೋಗುತ್ತದೆ. ಆ ಲೆಕ್ಕದಲ್ಲಿ ನನ್ನ ಮಗಳು ಸೋಮವಾರವೇ ಹೊರಟಾಗಿತ್ತು. ನಾವು ಅವರಿಗಾಗಿ ಪಂಚಾಂಗ ನೋಡುತ್ತ, ಅವರು ನಮಗಾಗಿ ನೋಡುತ್ತ, ಇಬ್ಬರ ಮರ್ಯಾದೆಯ ನಡುವೆ ಗಾಳಿ ನೂರಾರು ಮೈಲಿ ಮುಂದೆ ಬಂದಿತ್ತು.

ನೀಲಮ್ಮ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಈಗಿಂದೀಗ ಹೊರಡ್ರಿ," ಅಂದಳು. ಬೆಳಕು ಹರಿಯಲಿ ಎಂದು ಅಳಿಯ ಸಮಾಧಾನ ಹೇಳಿದ. ಶುಕ್ರವಾರ ನಸುಕಿನಲ್ಲಿ ಕಾರು ಹತ್ತಿಸಿಕೊಂಡು, ನೆಟ್ಟ ಶೂಲದ ಕಡೆಗೇ ಮುಖ ಮಾಡಿ ಬಿಟ್ಟ.

ಆ ಒಂದು ಹಗಲು ನಾನು ಯಾರ್ಡಿಗೆ ಹೋಗಲಿಲ್ಲ. ಗುಂಟೂರು ದಾಟಿದೆವು ಎಂದಾಗ ನೀಲಮ್ಮ ದೀಪಕ್ಕೆ ಎಣ್ಣೆ ಹಾಕಿದಳು. ಕರ್ನೂಲು ಬಂತು ಎಂದಾಗ ನಾನು ಊಟ ಮಾಡಿದೆ. ದೇವನಕೊಂಡ ದಾಟಿದೆವು ಎಂದಾಗ ಇಬ್ಬರೂ ಬಾಗಿಲಿಗೆ ಬಂದು ನಿಂತೆವು. ಸಂಜೆ ಮೋಡ ಕಟ್ಟುವ ಹೊತ್ತಿಗೆ ಕಾರು ಬಂತು. ಲೀಲಾ ಸೊಂಟ ಹಿಡಿದು ಇಳಿದಳು. ಅವಳಮ್ಮ ದೃಷ್ಟಿ ತೆಗೆಯುವುದಕ್ಕೂ ಬಿಡದೆ ನಾನೇ ಹೋಗಿ ಅವಳ ತಲೆ ಹಿಡಿದುಕೊಂಡೆ. ಏನಾದರೂ ಅನ್ನಬೇಕಲ್ಲ ಎಂದು, "ಚೀಲ ಎಲ್ಲೈತವಾ?" ಎಂದು ಕೇಳಿದೆ.

ಲೀಲಾ ಗಂಡನ ಮುಖ ನೋಡಿದಳು, ಅವನು ಡಿಕ್ಕಿ ನೋಡಿದ. ಚೀಲ ಬಂದಿರಲಿಲ್ಲ. ಸೋಮವಾರವೇ ಪ್ರಯಾಣ ಹೊರಟಿದ್ದ ಚೀಲ ಚೀರಾಲದ ನೆರೆಮನೆಯಲ್ಲೇ ಕೂತಿತ್ತು. ಅದರಲ್ಲಿ ಬೀಗಿತ್ತಿಯವರು ಕೂಸಿಗೆಂದು ಕೈಯಾರೆ ಹೊಲಿದ ಕುಲಾವಿ, ಪುಟ್ಟ ಹಾಸಿಗೆ, ಎಲ್ಲ ಇದ್ದವು.

ಮಗಳು ಬಂದಳಲ್ಲ, ಇನ್ನೇನು ಚಿಂತೆ ಎಂದು ನಾನು ಹಾಯಾಗಿ ಮಲಗಬೇಕಿತ್ತು. ಶನಿವಾರ ನೋಡಿದರೆ ನೀಲಮ್ಮ ಮತ್ತೆ ಟಿ.ವಿ. ಮುಂದೆ ಅದೇ ಜಾಗದಲ್ಲಿ ಬೆರಳಿಟ್ಟು ನಿಂತಿದ್ದಳು. "ಬೀಗಿತ್ತಿ ಒಬ್ಬಾಕೀನ ಅದಾಳಲ್ರೀ," ಅಂದಳು. ಹೌದಲ್ಲ. ಮನೆ ಬಿಟ್ಟು ಬರಲಾರೆ, ಇಂಥ ಎಷ್ಟೋ ಗಾಳಿ ನೋಡಿದ್ದೇನೆ ಎಂದು ಅವರು ಅಲ್ಲೇ ಉಳಿದಿದ್ದರು. ಮಧ್ಯಾಹ್ನಕ್ಕೆ ಅವರ ಫೋನು ಸತ್ತುಹೋಯಿತು. ಅಳಿಯ ಅಂಗಳದಲ್ಲಿ ಅತ್ತಿಂದಿತ್ತ ತಿರುಗತೊಡಗಿದ, ನಾನೂ ಜೊತೆಗೂಡಿದೆ. ನಮ್ಮ ಭಯ ಎಲ್ಲೂ ಹೋಗಿರಲಿಲ್ಲ, ಆಳು ಬದಲಿಸಿತ್ತು ಅಷ್ಟೆ.

ಭಾನುವಾರ ಬೆಳಿಗ್ಗೆ ಕೊನೆಗೂ ಫೋನಿನ ಗಂಟೆ ಹೊಡೆಯಿತು. ಬೀಗಿತ್ತಿಯವರ ದನಿ ಗಟ್ಟಿಯಾಗಿಯೇ ಇತ್ತು. ಗಾಳಿ ದಡಕ್ಕೆ ಬರುವಷ್ಟರಲ್ಲಿ ಸೊರಗಿತಂತೆ, ಒಂದು ನುಗ್ಗೆಮರ ಬಿತ್ತಂತೆ, ಈಗ ಬಿಸಿಲಂತೆ. "ಅನ್ನಯ್ಯಗಾರೂ, ಮೀ ದಗ್ಗರ ಎಲಾ ಉಂದಿ?" ನಿಮ್ಮಲ್ಲಿ ಹೇಗಿದೆ ಎಂದು ಕೇಳಿದರು. ನಮ್ಮಲ್ಲಿ ನೆಲ ಮುಗಿಲು ಒಂದಾಗಿ ಮಳೆ ಸುರಿಯುತ್ತಿತ್ತು. ಕರೆಂಟಿರಲಿಲ್ಲ. ನಾವು ಮೇಣದಬತ್ತಿ ಬೆಳಕಿನಲ್ಲಿ ಕಟಕ್ ರೊಟ್ಟಿ ಮುರಿಯುತ್ತಿದ್ದೆವು. ಯಾರ್ಡಿನಲ್ಲಿ ನನ್ನ ರಾಶಿಗೆ ತಾಡಪಾಲು ಹೊದಿಸಿದ್ದೆನೋ ಇಲ್ಲವೋ ಎಂಬುದು ನನಗೆ ಆಗ ನೆನಪಾಯಿತು. ಭಾಳ ದೊಡ್ಡದೈತಮ್ಮಾ, ಅಂದೆ. ಅವರು ಹೊಟ್ಟೆ ಹಿಡಿದು ನಕ್ಕರು.

ಎರಡು ದಿನ ಬಿಟ್ಟು ರೈಲು ಶುರುವಾದದ್ದೇ ತಡ, ಹೇಳದೆ ಕೇಳದೆ ಬೀಗಿತ್ತಿಯವರು ಬಾಗಿಲಿಗೆ ಬಂದು ನಿಂತರು. ಸೀರೆ ನೆನೆದಿತ್ತು, ಕಂಕುಳಲ್ಲಿ ಆ ಚೀಲ ಇತ್ತು. ನೀಲಮ್ಮ ಓಡಿಹೋಗಿ ಚೀಲ ಸಮೇತ ಅವರನ್ನು ತಬ್ಬಿಕೊಂಡಳು. ಲೀಲಾ ಕೂತಲ್ಲಿಂದಲೇ ಅತ್ತಳು. ಕೈಕಾಲು ತೊಳೆದು, ಬಿಸಿ ಅನ್ನಕ್ಕೆ ಕೂತು, ಎರಡು ತುತ್ತು ಉಂಡ ಮೇಲೆ ಬೀಗಿತ್ತಿಯವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ತುತ್ತು ಕೈಯಲ್ಲೇ ಉಳಿಯಿತು. ತಪ್ಪು ಮಾಡಿದವರಂತೆ ನೀಲಮ್ಮನನ್ನು ನೋಡಿ, ಇವತ್ತು ಏನು ವಾರ ಎಂದು ಕೇಳಿದರು.

ಮಂಗಳವಾರವೆಂದು ಎಲ್ಲರಿಗೂ ಗೊತ್ತಿತ್ತು.

"ಯಾರಿಗೆ ಗೊತ್ತ್ರೀ," ಎಂದಳು ನೀಲಮ್ಮ, ಅವರ ಎಲೆಗೆ ತುಪ್ಪ ಬಡಿಸುತ್ತ. "ಈ ಮಳ್ಯಾಗ ವಾರ ಯಾರು ನೋಡ್ತಾರ?"