ಬಾಣಂತಿ ಮೀನು

ನಮ್ಮ ಪಕ್ಕದ ಮನೆಯ ದೊಡ್ಡವ್ವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚೇಳುಮೀನು ಚುಚ್ಚಿ, ಕೀವಾಗಿ ಉದುರಿಹೋಗಿತ್ತು. ಆ ಬೋಳು ಬೆರಳಿನಿಂದಲೇ ಮೀನಿನ ಕಿವಿರು ಎತ್ತಿ, "ನೋಡ್ಕಳವ್ವ, ರಕ್ತ ಇನ್ನೂ ಕೆಂಪಗೈತೆ" ಎಂದು ತೋರಿಸಿ ಮಾರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೊಳಕಾಲ್ಮೂರು ಸೀಮೆಯ ನಮ್ಮೂರ ಕೆರೆಯಲ್ಲಿ ಬಲೆ ಬೀಸುತ್ತಿದ್ದ ಹೆಂಗಸು ಅವರೊಬ್ಬರೇ. ಬಾಯಿಯೂ ಜೋರು. ಸೀರೆಗೆ ಕಚ್ಚೆ ಹಾಕಿ ನೀರಿಗಿಳಿದರೆ ಏರಿಯ ಮೇಲೆ ಕೂತ ಗಂಡಸರು ಮಾತು ನಿಲ್ಲಿಸುತ್ತಿದ್ದರು.

ಸಂತೆಯಲ್ಲಿ ಎಲ್ಲರೂ ಕೊರಮೀನು ಎನ್ನುವ ಮೀನನ್ನು ಅವರು ಮಳೆಗಾಲದ ಕೆಲವು ದಿನ ಮಾತ್ರ "ಬಾಣಂತಿ" ಎನ್ನುತ್ತಿದ್ದರು. "ನಮ್ಮತ್ತೆ ಕಾಲದ ಹೆಸರು ಕಣವ್ವ" ಎಂದು ಹೆಮ್ಮೆ ಬೇರೆ. ಮರಿ ಮಾಡಿದ ಕೊರಮೀನು ಜೊಂಡಿನ ಮೂಲೆ ಬಿಟ್ಟು ಕದಲುವುದಿಲ್ಲ. ಮೇಲೆ ಮರಿಗಳು ಕೆಂಪು ರೇಷ್ಮೆಯ ಲಡಿ ಬಿಚ್ಚಿದಂತೆ ಗುಂಪಾಗಿ ಆಡುತ್ತವೆ, ಕೆಳಗೆ ತಾಯಿಯ ಕಾವಲು. ಅದು ಕಣ್ಣಿಗೆ ಬಿದ್ದ ದಿನ ದೊಡ್ಡವ್ವ ಏರಿಯ ಮೇಲೆ ನಿಂತು "ಬಾಣಂತಿ ಐತ್ರಪ್ಪೋ!" ಎಂದು ಕೂಗಿದರೆ ಮುಗಿಯಿತು. ಮರಿಗಳು ಬಲಿತು ಚದುರುವವರೆಗೆ ಆ ಮೂಲೆಗೆ ಯಾರೂ ಬಲೆ ಹಾಕುತ್ತಿರಲಿಲ್ಲ, ಎಮ್ಮೆಯನ್ನೂ ಇಳಿಸುತ್ತಿರಲಿಲ್ಲ. ಮನೆಯ ಬಾಣಂತಿಗೆ ಬಿಡುವು ಕೊಡದ ಗಂಡಸರೂ ಕೆರೆಯ ಬಾಣಂತಿಗೆ ಕೊಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ಚಳ್ಳಕೆರೆಗೆ ಮದುವೆಯಾಗಿ ಹೋಗಿದ್ದ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಮಗಳು ಹುಟ್ಟಿದಳು. ಎದೆಯಲ್ಲಿ ಹಾಲು ಬರಲಿಲ್ಲ. ಸಬ್ಬಸಿಗೆ, ಬೆಳ್ಳುಳ್ಳಿ ಎಲ್ಲ ಆಯಿತು. ಕೂಸು ಅತ್ತು ಅತ್ತು ದನಿ ಸೋತಿತ್ತು. ಕೊರಮೀನಿನ ಸಾರೇ ಇದಕ್ಕೆ ಮದ್ದು ಎಂದರು ಊರವರು. ಆಗ ಕೆರೆಯಲ್ಲಿ ಕಾಣುತ್ತಿದ್ದದ್ದು ಜೊಂಡಿನ ಮೂಲೆಯಲ್ಲಿ ಮರಿ ಕಾಯುತ್ತಿದ್ದ ಬಾಣಂತಿಯೊಂದೇ. ಅವ್ವ ಕೇಳಿದರೆ ದೊಡ್ಡವ್ವ ಆಗುವುದಿಲ್ಲ ಎಂದುಬಿಟ್ಟರು.

ಅವ್ವ ಅಂಗಳದಲ್ಲೇ ಕಿರುಚಿದಳು. "ನನ್ ಮಗಳಿಗಿಂತ ಆ ಮೀನು ಹೆಚ್ಚಾತೇನಕ್ಕಾ ನಿಂಗೆ?"

"ಹೆಚ್ಚಲ್ಲ ಕಣೇ, ಇಬ್ರೂ ಬಾಣಂತೇರೇ. ಒಬ್ಬ ಬಾಣಂತೀನ ಕೊಂದು ಇನ್ನೊಬ್ಬ ಬಾಣಂತಿಗೆ ಉಣ್ಣಿಸ್ಲಾ? ಆ ಹಾಲು ಕೂಸಿಗೆ ಹೆಂಗೆ ದಕ್ಕೀತು?"

ಒಳಗೆ ಮಲಗಿದ್ದ ನನಗೂ ಅವರ ಮೇಲೆ ಸಿಟ್ಟು ಬಂತು. ಹಸಿದ ಕೂಸಿನ ಮುಂದೆ ಯಾವ ನ್ಯಾಯವೂ ರುಚಿಸುವುದಿಲ್ಲ.

ಹಾಗೆಂದ ದೊಡ್ಡವ್ವ ಸುಮ್ಮನೆ ಕೂರಲಿಲ್ಲ, ಆಂಧ್ರದ ಗಡಿಯಾಚೆಯ ರಾಯದುರ್ಗದ ಸಂತೆಗೆ ಬಸ್ಸು ಹತ್ತಿದರು. ಬಸ್ಸೆಂದರೆ ಅವರಿಗೆ ವಾಂತಿ. ಜಟಿಂಗ ರಾಮೇಶ್ವರ ಬೆಟ್ಟದ ಗುಡಿಗೂ ನಡೆದೇ ಹೋಗಿಬರುತ್ತಿದ್ದವರು. ಸಂಜೆಗೆ ಮುಖ ಬಾಡಿಸಿಕೊಂಡು ಇಳಿದರು. ಕಂಕುಳಲ್ಲಿ ಒದ್ದೆ ಗೋಣಿ ಮುಚ್ಚಿದ ತಪ್ಪಲೆ, ಅದರೊಳಗೆ ಜೀವಂತ ಕೊರಮೀನು.

"ಇದಕ್ಕೆ ಮರಿ ಇಲ್ಲ. 'ದೀನಿಕಿ ಪಿಲ್ಲಲುನ್ನಾಯಾ' ಅಂತ ತೆಲುಗಿನಾಗೆ ಕೇಳೇ ತಂದಿದೀನಿ. ಸಂತೆಯೋರೆಲ್ಲಾ ನಕ್ರು. ನಗ್ಲಿ ಬಿಡು."

ಮೆಣಸು, ಬೆಳ್ಳುಳ್ಳಿ ಅರೆದು ತಾವೇ ಸಾರು ಮಾಡಿ, ನಾನು ಬಟ್ಟಲು ಬರಿದು ಮಾಡುವವರೆಗೆ ಎದುರಿಗೆ ಕೂತರು. ಮಾರನೆಯ ದಿನವೂ ಉಣ್ಣಿಸಿದರು. ಹಾಲು ಬಂತು. ಸಾರಿನಿಂದಲೋ ಅವರ ಹಟದಿಂದಲೋ ತಿಳಿಯದು. ಅಂಥ ಗಟ್ಟಿ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ದೊಡ್ಡವ್ವ ತೀರಿಕೊಂಡಾಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮೂರನೆಯ ದಿನ ಸಮಾಧಿಯ ಮಣ್ಣಿನ ಮೇಲೆ ಹಾಲುತುಪ್ಪ ಬಿಡುವ ಹೊತ್ತಿಗೆ, ಮೊದಲು ಯಾರು ಬಿಡಬೇಕೆಂದು ನೆಂಟರು ಮುಖ ಮುಖ ನೋಡಿಕೊಂಡರು. ಅವ್ವ ಹಾಲಿನ ಲೋಟವನ್ನು ನನ್ನ ಮಗಳ ಕೈಗಿಟ್ಟು ಮುಂದೆ ತಳ್ಳಿದಳು.

"ನೀನ್ ಬಿಡವ್ವ. ನೀನು ಕುಡ್ದಿದ್ದು ಈ ಯಮ್ಮನ ಹಾಲೇ."