ತಲೆಯ ಮೇಲಿನ ಜರ್ಮನ್ ಪುಸ್ತಕ

ಮಗಳ ತಲೆಯ ಮೇಲಿಟ್ಟಿದ್ದ ಜರ್ಮನ್ ಪುಸ್ತಕ ಧೊಪ್ಪನೆ ನೆಲಕ್ಕೆ ಬಿತ್ತು. ಜರ್ಮನಿಗೆ ಓದಲು ಹೋಗುವವರಿಗೆ ಅಲ್ಲಿನ ಭಾಷೆ, ನಡವಳಿಕೆ ಕಲಿಸುವ ತರಗತಿ ಅದು. ಮಾತಾಡುವಾಗ ತಲೆಯಾಡಿಸುವ ಅವಳ ಅಭ್ಯಾಸ ಬಿಡಿಸಲು ಮೇಷ್ಟ್ರೇ ಪುಸ್ತಕ ಇಟ್ಟಿದ್ದರು. ಅವಳು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ಇದನ್ನೂ ಬಿಟ್ಬುಡಮ್ಮ, ಅಲ್ಲಿ ನಗ್ತಾರೆ," ಎಂದರು ಮೇಷ್ಟ್ರು.

ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ ಕಣ್ಣಿಗೊತ್ಕೋತೀವಿ ಅಂತ ನಗೋರಿಗೆ ಹೇಳೋವಷ್ಟು ಜರ್ಮನ್ ಕಲಿಸಿ ಸಾರ್, ಸಾಕು," ಎಂದೆ.

ಆ ತರಗತಿ ಬಿಡಿಸಿದ್ದಾಯಿತು. ನಿನ್ನೆ ಊಟಕ್ಕೆ ಕೂತಾಗ, ಇನ್ನೊಂದಿಷ್ಟು ಸಾರು ಹಾಕಲೇ ಎಂದು ಕೇಳಿದೆ. ಮಗಳು ತಲೆಯಾಡಿಸದೆ, ಕತ್ತು ಸೆಟೆಸಿಕೊಂಡೇ "ಹೂಂ" ಎಂದಳು. ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು.